ತಲೆ ಎತ್ತದ ಗಿಟಾರಿನವ

"ಟ್ಯಾಂಕರ್ ಎಲ್ಲದ?!"

ಕೊಡ ಕಂಕುಳಲ್ಲಿಟ್ಟುಕೊಂಡೇ ಕೇಶರ ಸದ್ದು ಬಂದ ಮನೆಯ ಬಾಗಿಲು ತಳ್ಳಿದಳು. ಬೆನ್ನ ಹಿಂದೆ ಮೈಲೂರು ಬಡಾವಣೆಯ ಅರ್ಧ ಓಣಿ, ಎಲ್ಲರ ಕೈಯಲ್ಲೂ ಖಾಲಿ ಕೊಡ. ಅದು 2016ರ ಬೇಸಿಗೆ. ನೀರಿನ ಟ್ಯಾಂಕರ್ ಗುರ್ರೆಂದರೆ ಸಾಕು, ಬೀದರಿನ ಜನ ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದರು.

ಆದರೆ ಒಳಗೆ ಗುರ್ರೆನ್ನುತ್ತಿದ್ದುದು ಗಿಟಾರು!

ಬಾರಿಸುತ್ತಿದ್ದ ಮಾಣಿಕ ತಲೆ ಎತ್ತಲಿಲ್ಲ. ಅವನ ಕಣ್ಣೆಲ್ಲ ಕಾಲ ಬಳಿಯ ಪೆಡಲುಗಳ ಮೇಲೆ. ತುಳಿದಂತೆಲ್ಲ ಸದ್ದು ದಪ್ಪವಾಗುತ್ತಿತ್ತು.

"ಇದಕ್ಕ ಶೂಗೇಜ್ ಅಂತಾರ್ರಿ ಅಕ್ಕಾ," ಡ್ರಮ್ಮಿನ ಹಿಂದಿನಿಂದ ಸುಭಾನ ನಕ್ಕ. "ಬೂಟ ನೋಡ್ಕೋತ ಬಾರಿಸೋದು. ಹಾಡೋರು ಒಬ್ರು ಬೇಕಾಗ್ಯಾರ."

"ನೀರಿಲ್ಲದ ಊರಾಗ ಇದೊಂದು ಕಮ್ಮಿ ಇತ್ತು ನೋಡ್ರಿ!"

ಹೀಗೆ ಬೈದು ಹೋದವಳು ಮರುದಿನ ಕೊಡವಿಲ್ಲದೆ ಬಂದಳು. ಏಕೆಂದು ಅವಳಿಗೇ ಗೊತ್ತಿಲ್ಲ... ತಲೆ ಎತ್ತದ ಆ ಹುಡುಗನಿಗಾಗಿಯೋ?

ಭಜನೆಯಲ್ಲಿ ಪಳಗಿದ ಕಂಠ ಅವಳದು. ಅವಳೇ ಹಾಡುಗಾರ್ತಿಯಾದಳು; ತಂಡಕ್ಕೆ 'ಧೂಳು' ಎಂದು ಹೆಸರಾಯಿತು. ಭಾಲ್ಕಿಯಲ್ಲಿ ಕಾಲೇಜು ಹುಡುಗರು ಹುಚ್ಚೆದ್ದು ಕುಣಿದರು. ಕಮಲನಗರದ ಮದುವೆಯಲ್ಲಿ ಮುದುಕಿಯೊಬ್ಬಳು ಜನರೇಟರ್ ಕೆಟ್ಟಿತೆಂದು ಮೆಕ್ಯಾನಿಕ್ಕನನ್ನೇ ಕರೆಸಿದಳು!

ಆ ಗದ್ದಲದಲ್ಲಿ ಮಾತು ಯಾರಿಗೂ ತಿಳಿಯದು. ಆ ಧೈರ್ಯದಿಂದಲೇ ಕೇಶರ ಪ್ರತಿ ಹಾಡಿನಲ್ಲೂ ತನ್ನದೊಂದು ಸಾಲು ಸೇರಿಸುತ್ತಿದ್ದಳು. ಪಕ್ಕದಲ್ಲೇ ನಿಂತ ಮಾಣಿಕನಿಗಾದರೂ ಕೇಳಿಸೀತೆಂದು... ಅವನು ತಲೆ ಎತ್ತಲೇ ಇಲ್ಲ.

'ಕೇಳಿಯೂ ಸುಮ್ಮನಿದ್ದಾನೆ. ಅವನಿಗೆ ನಾನು ಬೇಡ!'

ನಾಲ್ಕನೇ ತಿಂಗಳು, ಔರಾದಿನ ಕಾರ್ಯಕ್ರಮ ಮುಗಿಸಿ ಸುಭಾನ ಡ್ರಮ್ಮು ಬಿಚ್ಚುತ್ತ ಹೇಳಿದ:

"ನಾಳಿ ಮನಿ ಮಂದಿ ಎಲ್ಲಾ ಹೈದರಾಬಾದಕ್ಕ ಹೊಂಟೇವಿ. ಇಲ್ಲಿ ನೀರಿಲ್ಲ, ಕೆಲಸಿಲ್ಲ. ಮಾಫ್ ಮಾಡ್ರಿ ಭಾಯ್."

ಡ್ರಮ್ಮಿಲ್ಲದೆ ತಂಡವಿಲ್ಲ. ತಂಡವಿಲ್ಲದೆ ಮಾಣಿಕನ ಮನೆಗೆ ಹೋಗಲು ಕೇಶರಳಿಗೆ ನೆಪವೂ ಇಲ್ಲ!

ಸುಭಾನ ಟೆಂಪೋ ತರಲು ಹೋದದ್ದೇ ತಡ, ಅವಳು ಕೇಳಿಯೇಬಿಟ್ಟಳು.

"ನಾಕ ತಿಂಗಳಾತು. ಒಮ್ಮೆರ ನನ್ನ ಮಾರಿ ನೋಡೀರೇನು?"

"ಇಲ್ರಿ... ಕಾಲು ನೋಡ್ತಿದ್ದೆ."

"ಗೊತ್ತದ! ಆ ಸುಡುಗಾಡ ಪೆಡಲು!"

"ಪೆಡಲಲ್ರಿ. ನಿಮ್ಮ ಕಾಲು." ಅವನ ಕಿವಿ ಕೆಂಪಾಯಿತು. "ನನ್ನ ಗದ್ದಲದಾಗ ನಿಮ್ಮ ಹಾಡು ನನಗ ಕೇಳಂಗಿಲ್ಲ. ನೀವು ಭಜನಿ ಹಂಗ ಹೆಬ್ಬೆರಳಲೆ ತಾಳ ಹಾಕ್ತೀರಿ. ಅದನ್ನ ನೋಡ್ಕೋತ ಬಾರಿಸ್ತೇನಿ. ಮಾರಿ ನೋಡಿದ್ರ... ತಾಳ ತಪ್ತದ್ರಿ."

ಕೇಶರಳಿಗೆ ಅಳು ಬಂತೋ, ನಗು ಬಂತೋ!

"ಹಂಗಾರ ನಾ ಹಾಡಿದ್ದು ಒಂದೂ ಕೇಳಿಲ್ಲ?"

"ಏನಂತ ಹಾಡ್ತಿದ್ರಿ?"

ಅವಳು ಉಸಿರೆಳೆದುಕೊಂಡಳು.

"ತಲಿ ಎತ್ತೋ ಮಾಣಿಕ, ಈಕಿ ನಿನ್ನಾಕಿ."

ಮಾಣಿಕ ತಲೆ ಎತ್ತಿದ. ಮೊದಲ ಸಲ ಅವಳ ಮುಖವನ್ನೇ ನೋಡಿದ.

"ಇನ್ನೊಮ್ಮೆ ಅನ್ರಿ. ಕೇಳಿಸ್ಲಿಲ್ಲ."

"ಸುಳ್ಳ! ಗಿಟಾರ ಬಂದ್ ಆಗೇದ."

"ಹೌದ್ರಿ... ಆದ್ರೂ ಇನ್ನೊಮ್ಮೆ."

"ಕಿವಿ ಇಲ್ಲಿ ತಾ," ಎಂದಳು ಕೇಶರ.