ಅರ್ಧ ಬ್ಯಾಟು

ಭಾನುವಾರ ರೋಂಡಾ ಕಣಿವೆಯ ಚಾಪೆಲ್‌ನಲ್ಲಿ ಪಾದ್ರಿ ಮಾತಾಡಿದ್ದು ಕುರಿಗಳ ಬಗ್ಗೆ. ಆದರೂ ಎಮ್ಲಿನ್‌ಗೆ ತನ್ನನ್ನೇ ಬೈದಂತಾಯಿತು. ಪ್ರಾರ್ಥನೆ ಮುಗಿದದ್ದೇ ತಡ, ನೆಸ್ತಾಳ ಮನೆಗೆ ನಡೆದ.

ಟಿವಿಯ ಮುಂದೆ ಅವನೇ ತಂದಿಟ್ಟಿದ್ದ ಆಟದ ಪೆಟ್ಟಿಗೆ ಹಾಗೇ ಕೂತಿತ್ತು. ತಿರುಗಿಸಲು ಎರಡು ಗುಂಡಿ, ಪರದೆಯ ಮೇಲೆ ಬ್ಯಾಟು ಅನ್ನುವ ಎರಡು ಬಿಳಿ ಗೆರೆ, ನಡುವೆ ಪುಟಿಯುವ ಚುಕ್ಕಿ. ಆಟ ಅಂದರೆ ಅಷ್ಟೇ.

ಹೋದ ವಾರ ಇಬ್ಬರೂ ಇದರ ಮೇಲೇ ಪಂಥ ಕಟ್ಟಿದ್ದರು. ನರ್ಸಿಂಗ್ ಕಲಿಯಲು ನೆಸ್ತಾಗೆ ಲಿವರ್‌ಪೂಲ್‌ನಿಂದ ಕರೆ ಬಂದಿತ್ತು. ಅವನು ಗೆದ್ದರೆ ಅವಳು ಹೋಗುವುದಿಲ್ಲ, ಅವನನ್ನು ಮದುವೆಯಾಗುತ್ತಾಳೆ. ಅವಳು ಗೆದ್ದರೆ ಅವನು ಮದುವೆಯ ಮಾತೆತ್ತುವ ಹಾಗಿಲ್ಲ.

ಅಂದು ಅವಳು ಟೀ ತರಲು ಒಳಗೆ ಹೋದಾಗ ಎಮ್ಲಿನ್ ಪೆಟ್ಟಿಗೆಯ ಹಿಂದಿನ ಸ್ವಿಚ್ಚು ಸರಿಸಿ ಅವಳ ಬ್ಯಾಟನ್ನು ಅರ್ಧಕ್ಕಿಳಿಸಿದ್ದ. "ಇದ್ಯಾಕೋ ಚಿಕ್ಕದಾಗಿದೆ" ಅಂತ ಅವಳು ಅಂದದ್ದಕ್ಕೆ, "ನಿಮ್ಮ ಟಿವಿ ಆ ಕಡೆ ಸವೆದುಹೋಗಿದೆ ಕಣೇ" ಅಂದಿದ್ದ. ಹದಿನೈದಕ್ಕೆ ಆರರಲ್ಲಿ ಗೆದ್ದ. ಅಂದಿನಿಂದ ಅವನಿಗೆ ಊಟ ಸೇರಿರಲಿಲ್ಲ.

"ನಿಂಗೆ ಮೋಸ ಮಾಡಿದೆ ನೆಸ್ತಾ. ಸ್ವಿಚ್ಚು ನಾನೇ ಸರಿಸಿದ್ದು. ಬರಲ್ಲ ಅಂತ ಕಾಗದ ಹಾಕಿಬಿಟ್ಯಾ?"

ಅವಳು ದ್ರಾಕ್ಷಿ ಬ್ರೆಡ್ಡು ಕೊಯ್ಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು."

"ಏನು ಗೊತ್ತು?"

"ಫ್ಯಾಕ್ಟರೀಲಿ ನಾನು ಬೆಸುಗೆ ಹಾಕೋದು ಯಾವುದಕ್ಕೆ ಅಂದ್ಕೊಂಡಿದ್ದೀಯ? ದಿನಕ್ಕೆ ಇನ್ನೂರು, ಅದೇ ಸ್ವಿಚ್ಚು. ಸವೆಯುತ್ತಂತೆ ಟಿವಿ."

ಎಮ್ಲಿನ್‌ನ ಕಿವಿ ಕೆಂಪಾಯಿತು. "ಮತ್ತೆ ಯಾಕೆ ಸುಮ್ನಿದ್ದೆ?"

"ನನ್ನ ಉಳಿಸ್ಕೊಳ್ಳೋಕೆ ಇಷ್ಟೊಂದು ಒದ್ದಾಡ್ತಾನಲ್ಲ ಅಂತ ಮೊದಲು ಖುಷಿಯಾಯ್ತು. ಆಮೇಲೆ ಮೈ ಉರೀತು. ನೀನಾಗೇ ಬಾಯಿ ಬಿಡ್ತೀಯೋ ಇಲ್ವೋ ನೋಡೋಣ ಅಂತ ಕಾದೆ." ಏಪ್ರನ್ನಿನ ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಅಂಚೆಗೆ ಹಾಕಿರಲಿಲ್ಲ.

ಅವನು ಟಿವಿ ಹಚ್ಚಿ, ಈ ಸಲ ತನ್ನ ಬ್ಯಾಟನ್ನೇ ಅರ್ಧ ಮಾಡಿದ. "ಆಡು."

ಬೇಕೆಂದು ಸೋಲಲಿಲ್ಲ, ಒಂದೊಂದು ಚೆಂಡಿಗೂ ಹೋರಾಡಿದ. ಆದರೂ ಹದಿನೈದಕ್ಕೆ ನಾಲ್ಕು.

"ಮುಗೀತು. ಇನ್ನು ನಾನು ಕೇಳೋ ಹಾಗಿಲ್ಲ. ಹೋಗು, ಚೆನ್ನಾಗಿ ಕಲಿ." ತಲೆ ತಗ್ಗಿಸಿ ವೈರು ಸುತ್ತತೊಡಗಿದ. ಕಣ್ಣು ತುಂಬಿದ್ದು ಅವಳಿಗೆ ಕಾಣಬಾರದಿತ್ತು.

ವೈರಿನ ಇನ್ನೊಂದು ತುದಿಯನ್ನು ನೆಸ್ತಾ ಹಿಡಿದುಕೊಂಡಳು. "ನೀನು ಕೇಳಬಾರದು ಅಂತ ತಾನೇ ಪಂಥ? ನಾನು ಕೇಳಬಾರದು ಅಂತ ಇರ್ಲಿಲ್ವಲ್ಲ. ಮೂರು ವರ್ಷ ಕಾಯ್ತೀಯ? ಆಮೇಲೆ ಮದುವೆ."

ಅವನು ತಲೆಯಾಡಿಸಿದ.

"ಬಾಯಿಬಿಟ್ಟು ಹೇಳೋ. ನೀನು ಕೂತಿರೋ ಕಡೆ ಸವೆದುಹೋಗಿದೆ, ಸರಿಯಾಗಿ ಕಾಣಲ್ಲ."

"ಕಾಯ್ತೀನಿ" ಅಂದ ಎಮ್ಲಿನ್.