ಶನಿವಾರದೊಳಗೆ ಮನೆ ಖಾಲಿ

ಬಾಗಿಲ ಕಿಂಡಿಗೆ ಕಣ್ಣಿಟ್ಟು ಅವಳು ನೋಡುತ್ತಿದ್ದಳು. ಹೊರಗೆ ನಿಂತ ಆಸಾಮಿ ಮಡಚಿದ ರಟ್ಟಿನ ಪೆಟ್ಟಿಗೆಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಮೂರು ಮಹಡಿ ಹತ್ತಿದ ಏದುಸಿರಿನಲ್ಲಿ ಬಾಗಿಲ ಪಕ್ಕದ ಬಟನ್ ಒತ್ತಿ ಕಾಯುತ್ತಿದ್ದ. ಮತ್ತೆ ಒತ್ತಿದ. ತಲೆ ಓರೆ ಮಾಡಿ ಕಿವಿಗೊಟ್ಟ. ಮೂರನೇ ಸಲ ಹೆಬ್ಬೆರಳಿನಿಂದ ಬಲವಾಗಿ ಅದುಮಿದ.

ಹದಿನಾಲ್ಕು ತಿಂಗಳಿಂದ ಆ ಬಟನ್ನನ್ನು ಯಾರೂ ಮುಟ್ಟಿರಲಿಲ್ಲ. ಅವಳು ಬಾಗಿಲು ತೆರೆದಳು.

"ನಿಮ್ಮ ಬೆಲ್ ಕೆಟ್ಟಿದೆ ಮೇಡಂ."

"ಅದು ಬೆಲ್ ಅಲ್ಲ."

"ಮತ್ತೆ?"

"ಲಿಫ್ಟ್ ಕರೆಯೋ ಬಟನ್."

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ತಾನು ಹತ್ತಿ ಬಂದ ಮೆಟ್ಟಿಲಿನತ್ತ ನೋಡಿದ. "ಲಿಫ್ಟ್ ಎಲ್ಲಿದೆ?"

"ಇಲ್ಲ."

"ಸದ್ಯ! ಇದ್ದಿದ್ರೆ ಹತ್ತಿಕೊಂಡು ಬಂದಿದ್ದಕ್ಕೆ ಹೊಟ್ಟೆ ಉರೀತಿತ್ತು."

ಅವಳು ನಗಲಿಲ್ಲ. ಒಳಗೆ ಬನ್ನಿ ಎನ್ನುವಂತೆ ಸರಿದು ನಿಂತಳು.

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಊರವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಸಾಗಿಸುವವನಿಗೆ ತನ್ನ ಮನೆಗೆ ಮೆಟ್ಟಿಲೇ ಗತಿ ಎಂದು ತಾನೇ ನಗುತ್ತಿದ್ದ. ಕೆಡವುತ್ತಿದ್ದ ಯಾವುದೋ ಕಟ್ಟಡದಿಂದ ಬಟನ್ ಕಿತ್ತು ತಂದು, ಮದುವೆಯಾದ ವಾರವೇ ಬಾಗಿಲ ಪಕ್ಕ ಅಂಟಿಸಿದ. ತಂತಿಯಿಲ್ಲ, ಸದ್ದಿಲ್ಲ. ಸಂಜೆ ಬಂದವನು ಅದನ್ನೊತ್ತಿ ಸುಮ್ಮನೆ ನಿಲ್ಲುತ್ತಿದ್ದ. ಹೆಜ್ಜೆಯ ಸಪ್ಪಳ ಹಿಡಿದು ಅವಳು ಒಳಗಿನಿಂದ ಬಾಗಿಲು ತೆರೆಯಬೇಕಿತ್ತು. ಒಂದು ಸಂಜೆ ಹೆಜ್ಜೆ ಬರಲಿಲ್ಲ, ಫೋನು ಬಂತು. ಒಂಬತ್ತನೇ ಮಹಡಿ, ತೆರೆದಿದ್ದ ಬಾಗಿಲು, ಒಳಗಿರಬೇಕಾದ ಲಿಫ್ಟ್ ಅಲ್ಲಿರಲಿಲ್ಲ.

ಮನೆ ಖಾಲಿ ಮಾಡುವ ಈ ಮನುಷ್ಯನನ್ನು ಗೊತ್ತು ಮಾಡಿದ್ದು ನಾದಿನಿ. ಅವಳು ಒಂದು ತಿಂಗಳಿಂದ ಫೋನಿನಲ್ಲಿ ಇದೇ ರಾಗ ಹಾಡುತ್ತಿದ್ದಳು. "ಅತ್ತಿಗೆ, ಮನೆ ಹಗುರ ಆದ್ರೆ ಮನಸ್ಸು ಹಗುರ ಆಗತ್ತಂತೆ. ವಿಡಿಯೋ ಕಳ್ಸಿದೀನಿ ನೋಡಿ. ನಮ್ಮನೇಲಿ ಎಲ್ಲಾ ತೆಗ್ದು ಬಿಸಾಕಿದೆ. ಇವರಿಗೆ ಸಾಕ್ಸ್ ಸಿಗ್ತಿಲ್ಲ ಅನ್ನೋದು ಬಿಟ್ರೆ ಪರಮ ಶಾಂತಿ. ಒಂದು ವರ್ಷದಿಂದ ಯಾರೂ ಮುಟ್ಟದ ವಸ್ತು ಮನೆಗೆ ಭಾರ ಅತ್ತಿಗೆ, ಕೊಟ್ಬಿಡಿ."

ಒಂದು ವರ್ಷದಿಂದ ಯಾರೂ ಮುಟ್ಟದ ವಸ್ತು. ಅವಳು ಫೋನು ಕೆಳಗಿಟ್ಟು ತನ್ನ ಕೈಗಳನ್ನು ನೋಡಿಕೊಂಡಿದ್ದಳು. ಆಮೇಲೆ ಆಗಲಿ ಅಂದಿದ್ದಳು.

"ಶನಿವಾರದೊಳಗೆ ಎಲ್ಲ ಹೋಗಬೇಕು," ಎಂದಳು ಸಾಮಾನಿನವನಿಗೆ.

"ಆಗಲ್ಲ ಮೇಡಂ. ದಿನಕ್ಕೆ ಒಂದೇ ಕಪಾಟು. ನನ್ನ ಕೆಲಸ ಹಾಗೆ." ಅವನು ಪೆಟ್ಟಿಗೆ ಬಿಡಿಸುತ್ತಾ ವಿವರಿಸಿದ. ಪ್ರತಿ ಪೆಟ್ಟಿಗೆಯ ಮೇಲೂ ಚೀಟಿ, ಚೀಟಿಯ ಮೇಲೆ ಒಳಗಿರುವುದು ಏನು, ಯಾರದ್ದು. ಗೋದಾಮಿನಲ್ಲಿ ಮೂವತ್ತು ದಿನ ಹಾಗೇ ಇಡುತ್ತಾನೆ. ಮೂವತ್ತನೇ ದಿನ ಚೀಟಿಗಳನ್ನು ತಂದು ಕೊನೆಯ ಸಲ ಕೇಳುತ್ತಾನೆ. ಅಷ್ಟಾದ ಮೇಲೇ ವಿಲೇವಾರಿ. "ಹೋಗು ಹೋಗು ಅಂತ ಕಳಿಸಿ, ವಾರ ಬಿಟ್ಟು ಒಂದು ಬಾಚಣಿಗೆಗೋಸ್ಕರ ಅಳ್ತಾ ಬರೋರನ್ನ ನೋಡಿದೀನಿ. ಶನಿವಾರ ಏನಿದೆ?"

"ಏನಿಲ್ಲ."

ನಿಜವಾಗಿಯೂ ಏನಿರಲಿಲ್ಲ. ಶನಿವಾರದ ಆಚೆ ಭಾನುವಾರವೂ ಇರಲಿಲ್ಲ. ತಾನು ಹೋದ ಮೇಲೆ ಈ ಮನೆಯಲ್ಲಿ ನಿಂತು, ತನ್ನ ಸಾಮಾನು ಎತ್ತಿ ನೋಡಿ ಯಾರೂ ಅಳಬಾರದು. ಗುಡಿಸಿ ಬೀಗ ಹಾಕುವಷ್ಟೇ ಕೆಲಸ ಉಳಿಯಬೇಕು. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಈ ತೀರ್ಮಾನಕ್ಕೆ ಬಂದ ದಿನ ಅವಳಿಗೆ ದುಃಖವಾಗಿರಲಿಲ್ಲ, ಹಸಿವಾಗಿತ್ತು. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಿದ್ದಳು.

ಸೋಮವಾರ ಬಟ್ಟೆ. ಅವನು ಗಂಡನ ನೀಲಿ ಯೂನಿಫಾರ್ಮ್ ಅಂಗಿಗಳನ್ನು ಮಡಚುತ್ತಿದ್ದ ರೀತಿಯನ್ನು ಅವಳು ಬಾಗಿಲಿಗೆ ಒರಗಿ ನೋಡಿದಳು. ಕಾಲರ್ ಸರಿಮಾಡಿ, ಮೇಲಿನ ಗುಂಡಿ ಹಾಕಿ, ನಾಳೆ ಬೆಳಿಗ್ಗೆ ಯಾರೋ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ ಎನ್ನುವ ಹಾಗೆ. ಕಿವಿಗೆ ಸಿಕ್ಕಿಸುವಲ್ಲಿ ಅವನ ಕನ್ನಡಕಕ್ಕೆ ಟೇಪ್ ಸುತ್ತಿತ್ತು. ಬಗ್ಗಿದಾಗಲೆಲ್ಲ ಅದು ಮೂಗಿನ ತುದಿಗೆ ಜಾರುತ್ತಿತ್ತು, ಅವನು ಭುಜದಿಂದ ಅದನ್ನು ಮೇಲೆ ತಳ್ಳುತ್ತಿದ್ದ.

"ಕೈ ಇಲ್ವಾ ನಿಮಗೆ?"

"ಕೈಲಿ ಅವರ ಅಂಗಿ ಇದೆ."

ಅವನು ತಲೆಯೆತ್ತಿ ನೋಡಿದ, ಒಂದು ಗಳಿಗೆ ಜಾಸ್ತಿಯೇ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಕತ್ತಿನ ಹಿಂಭಾಗ ಬೆಚ್ಚಗಾದದ್ದು ತಿಳಿಯಿತು. ಇದೊಂದು ಬೇಡದ ಕಾಟ ಅನ್ನಿಸಿತು.

ಮಂಗಳವಾರ ಹತಾರದ ಕಪಾಟು. ಅದರ ಮೂಲೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ, ತುಂಬ ಹಳೆಯ ಲಿಫ್ಟ್ ಬಟನ್‌ಗಳು. ಅವನು ನೆಲದ ಮೇಲೆ ಸುರಿದು ಸಾಲಾಗಿ ಜೋಡಿಸತೊಡಗಿದ. ಒಂದರಿಂದ ಎಂಟು, ಆಮೇಲೆ ಹತ್ತು.

"ಒಂಬತ್ತು ಇಲ್ಲ," ಎಂದ. ಅಂದವನೇ ತುಟಿ ಕಚ್ಚಿಕೊಂಡ. ನಾದಿನಿ ಅವನಿಗೆ ಎಲ್ಲ ಹೇಳಿದ್ದಳು.

"ಇತ್ತು. ನಾನೇ ಎಸೆದೆ."

ಅವನು ಸಮಾಧಾನದ ಮಾತೇನೂ ಆಡದೆ ಇನ್ನೊಂದು ಬಟನ್ ಎತ್ತಿ ಹಿಡಿದ. "ಇದರಲ್ಲಿ ಗಂಟೆ ಚಿತ್ರ ಇದೆ. ಇದೇನು?"

"ಲಿಫ್ಟ್ ನಿಂತುಹೋದ್ರೆ ಒಳಗಿರೋರು ಒತ್ತೋದು. ಯಾರಾದ್ರೂ ಬರಲಿ ಅಂತ."

"ಬರ್ತಾರಾ?"

"ಅವರು ಹೋಗ್ತಿದ್ರು. ಒಂದ್ಸಲ ಯಾರದ್ದೋ ನಾಯಿ ಒಳಗೆ ಸಿಕ್ಕಾಕಿಕೊಂಡಿತ್ತು. ಅದಕ್ಕೆ ಹೆದರ್ಕೋಬೇಡ ಪುಟ್ಟಾ, ಬಂದೆ ಬಂದೆ ಅಂತ ಎರಡು ಗಂಟೆ ಬಾಗಿಲ ಸಂದಿಯಿಂದ ಮಾತಾಡಿದ್ರಂತೆ. ತೆಗೆದ ಮೇಲೆ ಅದು ಇವರನ್ನೇ ಕಚ್ಚಿತು."

ಅವನು ಗಹಗಹಿಸಿ ನಕ್ಕ. ಕೋಣೆಯಲ್ಲಿ ಎರಡನೆಯ ನಗುವೂ ಕೇಳಿಸಿತು. ಅದು ತನ್ನದೇ ಎಂದು ಗೊತ್ತಾಗಲು ಅವಳಿಗೆ ಕ್ಷಣ ಹಿಡಿಯಿತು.

ಬುಧವಾರ ಪುಸ್ತಕ, ಕಾಗದಪತ್ರ. "ಯಾರದ್ದು?" ಎಂದು ಅವನು ಪೆನ್ನು ಹಿಡಿದು ಕೇಳುವುದು, ಅವಳು "ಅವರದ್ದು" ಎನ್ನುವುದು ಅಭ್ಯಾಸವಾಗಿತ್ತು. ಅವತ್ತು ಮಾತ್ರ ಒಂದು ಪೆಟ್ಟಿಗೆಗೆ "ನಂದು" ಎಂದಳು. ಎಂ.ಎ. ಸರ್ಟಿಫಿಕೇಟು, ನಿಘಂಟುಗಳು, ಚಿನ್ನದ ಪದಕದ ಡಬ್ಬಿ. ಅವನು ಬರೆದುಕೊಂಡ. ಗುರುವಾರ ಅಡುಗೆಮನೆ. "ನಂದು," ಎಂದಳು, ಚಳಿಗಾಲದ ಕೋಟನ್ನೂ ಮನೆಯಲ್ಲಿ ಹಾಕುವ ಚಪ್ಪಲಿಯನ್ನೂ ಪಾತ್ರೆಗಳ ಜೊತೆ ಇಡುತ್ತಾ. ಕೊನೆಗೆ ಒಲೆಯ ಪಕ್ಕದ ಎರಡು ಲೋಟಗಳನ್ನು ಪೇಪರಿನಲ್ಲಿ ಸುತ್ತಿದಳು.

"ಎರಡೂನಾ?"

"ಹೂಂ. ಒಂದು ಅವರದ್ದು, ಒಂದು ನಂದು."

"ನಾಳೆ ಟೀ ಯಾವುದರಲ್ಲಿ ಕುಡೀತೀರಾ?"

"ನನಗೇನೂ ಬೇಕಾಗಲ್ಲ."

ಅವನ ಪೆನ್ನು ಚೀಟಿಯ ಮೇಲೆ ನಿಂತಿತು. ಏನೋ ಕೇಳಲು ಬಾಯಿ ತೆರೆದ. ಪೆಟ್ಟಿಗೆ ಹೊತ್ತುಕೊಂಡು, ನಾಳೆ ಬರುತ್ತೇನೆ ಎಂದು ಎರಡು ಸಲ ಹೇಳಿ, ಇಳಿದು ಹೋದ.

ಸಂಜೆ ನಾದಿನಿಯ ಫೋನು. "ಅತ್ತಿಗೆ, ನಿಮ್ಮ ದನಿ ಎಷ್ಟು ನಿರಾಳವಾಗಿದೆ! ನಾನು ಹೇಳಿರ್ಲಿಲ್ವಾ?"

ಶುಕ್ರವಾರ ಅವನು ಬೆಳಿಗ್ಗೆ ಏಳಕ್ಕೇ ಬಂದ. ಖಾಲಿ ಪೆಟ್ಟಿಗೆಗಳಿಲ್ಲ, ತುಂಬಿದ ಎರಡನ್ನು ಒಂದರ ಮೇಲೊಂದು ಹೊತ್ತು ತಂದಿದ್ದ. ಬೆವರು ಸುರಿಯುತ್ತಿತ್ತು. ಒಂದೊಂದಾಗಿ ನೆಲದ ಮೇಲೆ ಇಟ್ಟ. ಕೋಟು. ಸರ್ಟಿಫಿಕೇಟು. ಚಪ್ಪಲಿ. ಅವಳ ಲೋಟ.

"ಏನಿದು? ಕೊಟ್ಟಿದ್ದು ಕೊಟ್ಟಾಯ್ತು, ವಾಪಸ್ ಯಾಕೆ ತಂದ್ರಿ?"

"ನಾನು ತೀರಿಕೊಂಡವರ ಸಾಮಾನು ಮಾತ್ರ ತಗೊಳ್ಳೋದು ಮೇಡಂ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಮನೆ, ನನ್ನ ಸಾಮಾನು. ನಿಮಗ್ಯಾಕೆ ಅಧಿಕಪ್ರಸಂಗ? ಹೊರಗೆ ಹೋಗಿ."

ಅವನು ಹೋಗಲಿಲ್ಲ. ಕುರ್ಚಿಗಳೆಲ್ಲ ಸಾಗಿದ್ದವು, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಕನ್ನಡಕವಿಲ್ಲದ ಅವನ ಮುಖ ಬರಿದಾಗಿ ಕಂಡಿತು.

"ಆರು ವರ್ಷದ ಹಿಂದೆ ನನ್ನ ಹೆಂಡತಿ ಒಂದೇ ವಾರದಲ್ಲಿ ಇಡೀ ಮನೆ ಹಸನು ಮಾಡಿದ್ಲು. ತನ್ನ ಸೀರೆ ಎಲ್ಲ ಹಂಚಿದ್ಲು. ವರ್ಷಗಟ್ಟಲೆ ಮಂಕಾಗಿದ್ದೋಳು ಗೆಲುವಾಗಿದ್ಲು. ಪೆಟ್ಟಿಗೆ ಹೊತ್ತು ಕೆಳಗಿಳಿಸಿದ್ದು ನಾನೇ. ಮನೆ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡು ಅಂದೆ. ಅದೇ ಕೊನೇ ಮಾತು, ನಾನು ಅವಳಿಗೆ ಹೇಳಿದ್ದು." ಕನ್ನಡಕ ಮತ್ತೆ ಮೂಗಿನ ಮೇಲೆ ಕೂತಿತು. "ನಿನ್ನೆ ಇಡೀ ದಾರಿ ನಡುಗ್ತಾ ಹೋದೆ. ನಿನ್ನೇನೇ ಕೇಳಬೇಕಿತ್ತು, ಹೇಡಿ ಹಾಗೆ ಹೋಗ್ಬಿಟ್ಟೆ. ಈಗ ಕೇಳ್ತೀನಿ. ಶನಿವಾರ ನೀವು ಸಾಯ್ಬೇಕು ಅಂತಿದ್ದೀರಾ?"

ಹದಿನಾಲ್ಕು ತಿಂಗಳಲ್ಲಿ ಅವಳನ್ನು ಯಾರು ಯಾರೋ ಏನೇನೋ ಕೇಳಿದ್ದರು. ಊಟ ಆಯಿತಾ, ನಿದ್ದೆ ಬರುತ್ತಾ, ಹಣದ ಅನುಕೂಲ ಹೇಗೆ. ಈ ಪ್ರಶ್ನೆಯನ್ನು ಹೀಗೆ ಸೀದಾ ಯಾರೂ ಕೇಳಿರಲಿಲ್ಲ.

"ಹೌದು," ಎಂದಳು. ಎದುರು ಗೋಡೆಗೆ ಒರಗಿ ಅವಳೂ ಕುಸಿದು ಕೂತಳು.

"ನಾದಿನಿಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ?"

"ಯಾರಿಗೂ ಬೇಡ."

"ಅದೊಂದು ಆಗಲ್ಲ. ಬೈಯಿರಿ ಬೇಕಾದ್ರೆ. ಅವರು ಬರೋವರೆಗೂ ನಾನು ಇಲ್ಲಿಂದ ಏಳಲ್ಲ. ನನ್ನ ಮಂಡಿ ಬೇರೆ ಹಿಡ್ಕೊಂಡಿದೆ, ಏಳೋಣ ಅಂದ್ರೂ ಆಗಲ್ಲ."

ಫೋನು ಮಾಡಿದ್ದು ಅವಳೇ. ನಾದಿನಿ ಮುಕ್ಕಾಲು ಗಂಟೆಯಲ್ಲಿ ಮೆಟ್ಟಿಲ ಮೇಲೆ ದಡದಡ ಓಡಿ ಬಂದು, ಅತ್ತಿಗೆಯನ್ನು ಗಟ್ಟಿಯಾಗಿ ತಬ್ಬಿಕೊಂಡು ಕೂತಳು. ಹದಿನಾಲ್ಕು ತಿಂಗಳಿಂದ ಯಾರೂ ಮುಟ್ಟದ ಮೈ ಬಹಳ ಹೊತ್ತು ಮರದ ಹಾಗಿತ್ತು. ಆಮೇಲೆ ನಡುಗಲು ಶುರುಮಾಡಿತು.

ಶನಿವಾರ ಡಾಕ್ಟರ ಬಳಿ ಹೋದರು. ಮರುದಿನ ಭಾನುವಾರ ಬಂತು. ಅವಳು ಅದನ್ನು ಕಿಟಕಿಯಿಂದ ಅಪರಿಚಿತರನ್ನು ನೋಡುವಂತೆ ನೋಡಿದಳು.

ನಾದಿನಿ ಮೂರು ವಾರ ಇದ್ದಳು. ಸಾಮಾನಿನವನು ಲೆಕ್ಕದ ನೆಪದಲ್ಲಿ ನಡುನಡುವೆ ಬಂದು ಹೋದ. ಪ್ರೆಸ್ಸಿನವರು ರಾಜೀನಾಮೆಯ ಕಾಗದ ಕಳೆದುಹೋಗಿದೆ ಎಂದು ಸುಳ್ಳು ಹೇಳಿ ಅರ್ಧ ದಿನದ ಕೆಲಸ ಕೊಟ್ಟರು. ಮಾತ್ರೆ ನುಂಗಿದರೆ ಬಾಯಿ ಒಣಗುತ್ತಿತ್ತು. ಸಂತೋಷವೇನೂ ಬರಲಿಲ್ಲ. ಖಾಲಿ ಕೋಣೆಗಳಲ್ಲಿ ಅವಳ ಕೆಮ್ಮು ಪ್ರತಿಧ್ವನಿಸುತ್ತಿತ್ತು.

ಮೂವತ್ತನೇ ದಿನ ಸಂಜೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಭಾರವಾದ ಹೆಜ್ಜೆ, ಒಂದು ಮಂಡಿ ತಡವರಿಸುವುದು. ಎರಡನೇ ಮಹಡಿಯಲ್ಲಿ ಅದು ನಿಂತಿತು, ಉಸಿರು ತೆಗೆದುಕೊಂಡಿತು, ಮತ್ತೆ ಹತ್ತಿತು. ಬಟನ್ ಒತ್ತಿದ ಸದ್ದಿಲ್ಲ. ಅದಕ್ಕೆ ಸದ್ದೇ ಇಲ್ಲವಲ್ಲ. ಅವಳು ಅಷ್ಟರಲ್ಲಿ ಬಾಗಿಲ ಹಿಂದೆ ಬಂದು ನಿಂತಿದ್ದಳು. ತೆರೆದಳು.

ಅವನ ಬೆರಳು ಇನ್ನೂ ಬಟನ್ ಮೇಲೇ ಇತ್ತು. ಇನ್ನೊಂದು ಕೈಯಲ್ಲಿ ಚೀಟಿಗಳ ಕಟ್ಟು.

"ಕೊನೇ ಸಲ ಕೇಳೋಣ ಅಂತ ಬಂದೆ," ಎಂದ. ಚೀಟಿ ಕೊಡಲಿಲ್ಲ, ನೋಡುತ್ತಾ ನಿಂತ. "ಒಂದು ಹೇಳಿಬಿಡ್ತೀನಿ. ಈ ಮೂರು ಮಹಡಿ ಹತ್ತೋವಾಗ ಪ್ರತಿ ಸಲ ಎದೆ ಬಾಯಿಗೆ ಬರತ್ತೆ. ಬಾಗಿಲು ತೆರೆಯತ್ತೋ ಇಲ್ವೋ ಅಂತ. ಹಾಗಂತ ಹತ್ತದೇ ಇರಕ್ಕೂ ಆಗ್ತಿಲ್ಲ. ಸಾಮಾನಿನ ನೆಪ ಇವತ್ತಿಗೆ ಮುಗೀತು. ನೆಪ ಇಲ್ದೇ ಬರಬಹುದಾ?"

"ನನಗೆ ಇನ್ನೂ ಅವರೇ ನೆನಪಾಗ್ತಾರೆ."

"ಆಗಲಿ. ನನಗೂ ಅವಳೇ."

"ನಾನು ದೊಡ್ಡ ಮಾತು ಯಾವುದೂ ಕೊಡಲಾರೆ. ಮಂಗಳವಾರದವರೆಗೆ ಇರ್ತೀನಿ ಅಂತ ಹೇಳಬಲ್ಲೆ. ಅದು ಖಂಡಿತ."

"ಮಂಗಳವಾರ ಬರ್ತೀನಿ. ಆಮೇಲಿಂದು ಅವತ್ತು ಕೇಳೋಣ."

ಅವಳು ಅವನ ಕೈಯಿಂದ ಚೀಟಿಗಳನ್ನು ತೆಗೆದುಕೊಂಡಳು. ಹಾಗೆ ತೆಗೆದುಕೊಳ್ಳುವಾಗ ಬೆರಳು ತಾಗಿತು, ಇಬ್ಬರೂ ಕೈ ಹಿಂದೆಗೆಯಲಿಲ್ಲ. ಅಂಗಿಗಳು ಹೋಗಲಿ. ಹತಾರಗಳು ಯಾರಿಗಾದರೂ ಉಪಯೋಗವಾಗಲಿ. ಬಟನ್ ಡಬ್ಬಿಯ ಚೀಟಿಯನ್ನು ಪಕ್ಕಕ್ಕಿಟ್ಟಳು. ಗುರುವಾರದ ಚೀಟಿ ಬಂದಾಗ ನಿಂತಳು.

"ಇದರಲ್ಲಿ ಒಂದು ಲೋಟ ಇದೆ. ಅದು ವಾಪಸ್ ಬೇಕು."

"ನಿಮ್ಮದು ಆಗ್ಲೇ ತಂದ್ಕೊಟ್ಟೆನಲ್ಲ."

"ಅವರದ್ದು."

ಅವನು ತಲೆಯಾಡಿಸಿದ. ತೀರಿಕೊಂಡವನ ನೆನಪಿಗೆ ಒಂದು ವಸ್ತು ಎಲ್ಲರೂ ಕೇಳುತ್ತಾರೆ, ಅದು ಅವನಿಗೆ ಗೊತ್ತಿದ್ದದ್ದೇ. ಚೀಟಿ ಜೇಬಿಗೆ ಹಾಕಿಕೊಂಡು, ಮಂಡಿ ಹಿಡಿದುಕೊಂಡು ಇಳಿಯತೊಡಗಿದ. ಅವಳು ಮೆಟ್ಟಿಲ ಕಟಕಟೆಗೆ ಬಂದು ಕೆಳಗೆ ಬಗ್ಗಿ ಕೂಗಿದಳು.

"ಲೋಟ ಮರೀಬೇಡಿ. ಇಲ್ದಿದ್ರೆ ಮಂಗಳವಾರ ನೀವು ಟೀ ಯಾವುದರಲ್ಲಿ ಕುಡೀತೀರಾ?"

ಕೆಳಗೆ ಹೆಜ್ಜೆ ನಿಂತಿತು.