ಬಂಧುಗಳ ಕಟ್ಟಿನಲ್ಲಿದ್ದ ಪತ್ರ

ಬೆಳಿಗ್ಗೆ ಹನ್ನೊಂದಕ್ಕೆ ತಪಾಸಣೆಗೆಂದು ಕಡತ ಬಿಚ್ಚಿದಾಗ ವೈದ್ಯರ ವರದಿ ಅದರಲ್ಲಿರಲಿಲ್ಲ. ಮಂಡಳಿಯ ಸಭೆ ಮಧ್ಯಾಹ್ನ ಮೂರಕ್ಕೆ.

ನಮ್ಮ ಕಚೇರಿಯ ಕೆಲಸ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಬುದ್ಧಿ ಸ್ತಿಮಿತ ತಪ್ಪಿದಾಗ ಅಪರಾಧ ಮಾಡಿದವರನ್ನು ನ್ಯಾಯಾಲಯ ಜೈಲಿಗಲ್ಲ, ಬೀಗ ಹಾಕಿದ ಆಸ್ಪತ್ರೆಗೆ ಕಳಿಸುತ್ತದೆ. ವರ್ಷಕ್ಕೊಮ್ಮೆ ಅಲ್ಲಿನ ವೈದ್ಯರ ವರದಿ ನಮಗೆ ಬರುತ್ತದೆ. ನಾವು ಟಿಪ್ಪಣಿ ಬರೆದು ಮಂಡಳಿಯ ಮುಂದಿಡುತ್ತೇವೆ. ಬಿಡುವುದೋ ಇಡುವುದೋ, ಅವರು ಹೇಳುತ್ತಾರೆ. ಮನುಷ್ಯರು ಅಲ್ಲಿ, ಕಡತಗಳು ಇಲ್ಲಿ. ಕಡತ ಅಲುಗದೆ ಮನುಷ್ಯ ಅಲುಗುವುದಿಲ್ಲ.

ಈ ಕಡತದ ಮನುಷ್ಯ ಬಡಗಿ. ಗೋಡೆಗಳು ತನ್ನನ್ನು ಬೈಯುತ್ತವೆಂದು ನಂಬಿದ್ದ ದಿನಗಳಲ್ಲಿ ಸ್ವಂತ ಅಣ್ಣನನ್ನೇ ಉಳಿಯಿಂದ ಇರಿದು ಕೊಂದಿದ್ದ. ಹನ್ನೊಂದು ವರ್ಷವಾಯಿತು. ಈಗ ಆಸ್ಪತ್ರೆಯ ಕಾಲು ಮುರಿದ ಕುರ್ಚಿಗಳನ್ನೆಲ್ಲ ಅವನೇ ಸರಿಮಾಡುತ್ತಾನೆ—ಉಳಿಯನ್ನು ಅವನ ಕೈಗೇ ಕೊಟ್ಟಿದ್ದಾರೆ. ಅವನನ್ನು ನೋಡಲು ಹೋಗುವವರು ಅತ್ತಿಗೆ ಒಬ್ಬರೇ. ಅಂದು ಬೆಳಿಗ್ಗೆಯಿಂದ ನಮ್ಮ ಕಾರಿಡಾರಿನ ಬೆಂಚಿನ ಮೇಲೆ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಅವರು ಕೂತಿದ್ದರು.

ಇನ್ನೊಂದು ಪ್ರತಿ ತರಿಸಬಹುದಿತ್ತಲ್ಲ? ತರಿಸಿದೆವು. ಆಸ್ಪತ್ರೆಯ ಪ್ರತಿಯಲ್ಲಿ 'ಬಿಡಬಹುದು' ಎಂದಿದೆ, ಸಹಿ ಇಲ್ಲ. ಬರೆದ ವೈದ್ಯರು ತೀರಿಕೊಂಡು ಆರು ತಿಂಗಳು. ಹೊಸ ವೈದ್ಯರು, ನಾನು ಒಂದು ವರ್ಷ ನೋಡದೆ ಏನೂ ಬರೆಯಲಾರೆ ಎಂದರು. ಅಂದರೆ—ಮೂರು ಗಂಟೆಯೊಳಗೆ ಸಹಿ ಇರುವ ಮೂಲ ವರದಿ ಸಿಗದಿದ್ದರೆ ಬಡಗಿಗೆ ಮತ್ತೊಂದು ವರ್ಷ ಬೀಗ.

ಕೇಂದ್ರ ಕಚೇರಿಯ ತಪಾಸಣಾಧಿಕಾರಿ ಎರಡು ದಿನದಿಂದ ನಮ್ಮಲ್ಲೇ ಇದ್ದರು. ಹುಲ್ಲಿನ ಬಣವೆಯಲ್ಲಿ ಬಿದ್ದ ಸೂಜಿಯನ್ನೂ ಹುಡುಕುತ್ತಾರೆಂದು ಅವರಿಗೆ ಸೂಜಿ ಮೇಡಂ ಎಂದು ಹೆಸರು. ಕಡತದ ಗುಮಾಸ್ತ ನಾನೇ ಆದ್ದರಿಂದ ಜೊತೆಗೆ ನನ್ನನ್ನು ಕರೆದರು. ಮೊದಲು ಹೋದದ್ದು ಟಪಾಲು ಗುಮಾಸ್ತನ ಹತ್ತಿರ.

ಆಸ್ಪತ್ರೆಯವರ ರವಾನೆ ಪುಸ್ತಕದಲ್ಲಿ ಅವನ ಸಹಿ ಇತ್ತು. ವರದಿ ಕಚೇರಿಗೆ ಬಂದದ್ದು ಖಚಿತ. ಬಂದದ್ದನ್ನು ಬಂದ ದಿನವೇ ಮೇಲ್ವಿಚಾರಕರ ಮೇಜಿಗೆ ಕಳಿಸಿದೆ ಎಂದ.

"ಕಳಿಸಿದ್ದಕ್ಕೆ ಸಹಿ ತಗೊಂಡ್ರಾ?"

"ಸಾಹೇಬರ ಹತ್ರ ಸಹಿ ಕೇಳೋರು ಯಾರು ಮೇಡಂ? ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡಿ."

ಮೇಲ್ವಿಚಾರಕರು ಕನ್ನಡಕ ಒರೆಸುತ್ತ, ಅಂಥ ವರದಿಯನ್ನು ತಾವು ಕಣ್ಣಿಂದ ನೋಡಿಯೇ ಇಲ್ಲ ಎಂದರು. ಟಪಾಲಿನವನ ಕೈಯಲ್ಲಿ ಕಾಗದ ಕಳೆಯುವುದು ಹೊಸದಲ್ಲ. ಪಾಪ, ಅವನಿಗೂ ವಯಸ್ಸಾಯಿತು. ವರದಿ ಬಾರದ್ದರಿಂದ ಈ ಸಲವೂ 'ಯಥಾಸ್ಥಿತಿ' ಎಂದು ಟಿಪ್ಪಣಿ ಹೋಗಿದೆ. ಇಷ್ಟನ್ನು ಅವರು ಬಹಳ ಮೃದುವಾಗಿ ಹೇಳಿದರು.

"ಟಿಪ್ಪಣಿ ಬರೆದವರು?"

ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಸೂಜಿ ಮೇಡಂ ಇಡೀ ಕಡತ ಬಿಚ್ಚಿದರು. ನಮ್ಮ ಕಡತಗಳಲ್ಲಿ ಮೂರು ಕಟ್ಟು. ಮೊದಲನೆಯದು ವೈದ್ಯರದು. ಎರಡನೆಯದು ನೊಂದವರದು—ಅಂದರೆ ಕೊಲೆಯಾದವರ, ಏಟು ತಿಂದವರ ಮನೆಯವರದು. ಅದು ಖಾಲಿ. ಮೂರನೆಯದು ರೋಗಿಯ ಬಂಧುಗಳದು. ಬಂಧುಗಳ ಕಟ್ಟನ್ನು ಯಾರೂ ಓದುವುದಿಲ್ಲ. ಅದರಲ್ಲಿರುವುದೆಲ್ಲ ಬೇಡಿಕೊಂಡ ಪತ್ರಗಳು.

ಮೇಡಂ ಓದಿದರು. ಗಡಿಯಾರದಲ್ಲಿ ಒಂದೂವರೆ.

"ಈ ಪತ್ರ ಇಲ್ಲಿ ಕಟ್ಟಿದ್ದು ಯಾರು?"

ನಾನೇ. ಕೆಳಗೆ 'ಅವನ ಅತ್ತಿಗೆ' ಎಂದಿತ್ತು. ಅತ್ತಿಗೆ ಬಂಧುವಲ್ಲವೇ? ಎಲ್ಲಿಗೆ ಸೇರಬೇಕೆಂದು ನೋಡಲು ಸಹಿಯೊಂದೇ ಸಾಕಾಗಿತ್ತು, ಮೇಲಿನದನ್ನು ಓದಿರಲಿಲ್ಲ.

"ಈಗ ಓದಿ."

ನಾಲ್ಕೇ ಸಾಲು. 'ನಿಮ್ಮ ಪತ್ರ ತಲುಪಿತು. ನನ್ನ ಯಜಮಾನರನ್ನು ಕೊಂದದ್ದು ಅವನ ಕಾಯಿಲೆ. ಅದು ವಾಸಿಯಾಗಿದ್ದರೆ ಅವನು ಮನೆಗೆ ಬರಲಿ. ನನ್ನ ಅಭ್ಯಂತರವಿಲ್ಲ.'

ಮೇಡಂ ನನ್ನನ್ನು ಕರೆದುಕೊಂಡು ಕಾರಿಡಾರಿಗೆ ಹೋಗಿ ಬೆಂಚಿನ ಮುಂದೆ ನಿಂತರು.

"ಅಮ್ಮಾ, ಅಭ್ಯಂತರ ಇದೆಯಾ ಅಂತ ನಿಮ್ಮನ್ನ ಕೇಳಿದ್ದು ಯಾರು?"

"ನೀವೇ." ಆಕೆ ಚೀಲ ತೆರೆದು ನಾಲ್ಕು ಮಡಿಕೆಯ ಕಾಗದ ತೆಗೆದರು. "ಈ ಕಚೇರಿಯೋರೇ. ಉತ್ತರ ಬಂತಾ ಅಂತ ನಾಲ್ಕು ಸಲ ಕಿಟಕೀಲಿ ಕೇಳ್ದೆ. ಬಂದಿದೆ, ಕಡತದಲ್ಲಿದೆ ಅಂದ್ರು. ಏನಂತ ಬರ್ದಿದೀಯಮ್ಮಾ ಅಂತ ಒಬ್ರೂ ಕೇಳಲಿಲ್ಲ."

ಮೇಡಂ ಆ ಕಾಗದವನ್ನು ಮೇಲ್ವಿಚಾರಕರ ಮೇಜಿನ ಮೇಲೆ ಹರಡಿದರು. ಸಹಿ ಅವರದು.

"ನೊಂದವರ ಮನೆಗೆ ಪತ್ರ ಬರೆಯೋ ಅಧಿಕಾರ ಈ ಕಚೇರೀಲಿ ನಿಮಗೊಬ್ರಿಗೇ ಇರೋದು. ಅದನ್ನ ಬರೆಯೋದು ಯಾವಾಗ? ವೈದ್ಯರು 'ಬಿಡಬಹುದು' ಅಂದ್ಮೇಲೆ. ವರದಿ ನೋಡೇ ಇಲ್ಲ ಅಂದ್ರಲ್ಲ—ನೋಡದೆ ಈ ಪತ್ರ ಹೇಗೆ ಬರೆದ್ರಿ?"

ಮೇಲ್ವಿಚಾರಕರು ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು.

"ಗಂಡನ್ನ ಕಳ್ಕೊಂಡವಳು, ಬೇಡ ಅಂತಾಳೆ ಅಂದ್ಕೊಂಡ್ರಿ. ಆ 'ಬೇಡ' ಬಂದಿದ್ರೆ ನಿಮ್ಮ ಕೆಲಸ ಹಗುರ. ಅದು ಬರಲಿಲ್ಲ. ವರದಿ ತೆಗೆದ್ರಿ, ಪತ್ರದ ಪ್ರತೀನೂ ತೆಗೆದ್ರಿ, ನೊಂದವರ ಕಟ್ಟು ಖಾಲಿ ಮಾಡಿದ್ರಿ. ಆದ್ರೆ ಈ ಮನೇಲಿ ಕೊಂದವನೂ ಸತ್ತವನೂ ಅಣ್ಣತಮ್ಮಂದಿರು. ಆಕೆ ಎರಡೂ ಕಡೆಯೋರು. ಉತ್ತರ ಇನ್ನೊಂದು ಕಟ್ಟಿಗೆ ಹೋಯ್ತು. ಅಲ್ಲಿ ನೀವು ಕೈ ಹಾಕಲಿಲ್ಲ. ಅದನ್ನ ಓದೋ ಅಭ್ಯಾಸವೇ ಇಲ್ಲಿ ಯಾರಿಗೂ ಇಲ್ವಲ್ಲ. ಎಲ್ಲಿ ವರದಿ?"

"ಹರಿದು ಹಾಕಿದ್ರೆ?" ಎಂದರು ಮೇಲ್ವಿಚಾರಕರು, ಮೊದಲ ಸಲ ದನಿ ಒಡೆದು.

"ಮೂವತ್ತು ವರ್ಷ ಕಡತ ಕಟ್ಟಿದ ಕೈ ಕಾಗದ ಹರಿಯಲ್ಲ. ಮನುಷ್ಯರನ್ನ ಬೇಕಾದ್ರೆ ಕೊಳೆಸುತ್ತೆ. ಬೀಗದ ಕೈ ಕೊಡಿ."

ಕೆಳಗಿನ ಡ್ರಾಯರಿನಲ್ಲಿ ವರದಿ ಇತ್ತು. ಸಹಿ, ಮೊಹರು, ಎಲ್ಲ ಇತ್ತು. ಅದರ ಅಡಿಯಲ್ಲಿ ಅದೇ ತರಹದವು ಇನ್ನೂ ಆರು ಇದ್ದವು.

ಒಂಬತ್ತು ವರ್ಷದ ಹಿಂದೆ ಮೇಲ್ವಿಚಾರಕರು ಟಿಪ್ಪಣಿ ಬರೆದು ಬಿಡಿಸಿದವನೊಬ್ಬ ತಿಂಗಳೊಳಗೆ ಅಂಗಡಿಯವನ ತಲೆ ಒಡೆದಿದ್ದನಂತೆ. ಪತ್ರಿಕೆಯಲ್ಲಿ ಇವರ ಹೆಸರು ಬಂದಿತ್ತಂತೆ.

"ಬಿಟ್ಟು ಏನಾದ್ರೂ ಆದ್ರೆ ನನ್ನ ಹೆಸರು ಬರುತ್ತೆ ಮೇಡಂ," ಎಂದರು. "ಬಿಡದೇ ಇದ್ರೆ ಯಾರ ಹೆಸರೂ ಬರಲ್ಲ."

ಮೇಡಂ ಅವರನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ವರದಿ ಹಿಡಿದು ಎರಡೂ ಮುಕ್ಕಾಲಿಗೆ ಮಂಡಳಿಗೆ ಹೋದರು. ನಾಲ್ಕೂವರೆಗೆ ಆದೇಶ ಬಂತು: ಬಡಗಿ ಮನೆಗೆ ಹೋಗಬಹುದು, ತಿಂಗಳಿಗೊಮ್ಮೆ ವೈದ್ಯರ ಮುಂದೆ ಹಾಜರಾಗಬೇಕು.

ಆಗ ನನ್ನ ಮೇಜಿನ ಮೇಲೆ ಉಳಿದ ಆರು ಕಡತಗಳಿದ್ದವು. ಪ್ರತಿಯೊಂದರಲ್ಲೂ ವರ್ಷ ವರ್ಷದ ಟಿಪ್ಪಣಿ. ಯಥಾಸ್ಥಿತಿ. ಯಥಾಸ್ಥಿತಿ. ಸಾಹೇಬರು ಹೇಳಿದ್ದರು, ನಾನು ಬರೆದಿದ್ದೆ. ಎಲ್ಲವೂ ನನ್ನ ದುಂಡನೆಯ ಅಕ್ಷರ. ಅತ್ಯಂತ ಹಳೆಯ ವರದಿ ಡ್ರಾಯರಿನಲ್ಲಿ ಐದು ವರ್ಷ ಮಲಗಿತ್ತು. ಈ ಆರು ಜನರಿಗಾಗಿ ಯಾರೂ ಬೆಂಚಿನ ಮೇಲೆ ಬಂದು ಕೂತಿರಲಿಲ್ಲ.

ಮೇಡಂ ಬಿಳಿ ಹಾಳೆಗಳನ್ನು ನನ್ನ ಮುಂದೆ ತಳ್ಳಿ, ನಿಮ್ಮ ಹೇಳಿಕೆಯನ್ನೂ ಬರೆಯಿರಿ ಎಂದರು. ಬರೆಯತೊಡಗಿದೆ.

ಆದೇಶದ ಪ್ರತಿ ಹಿಡಿದು ಹೊರಟಿದ್ದ ಅತ್ತಿಗೆ ಬಾಗಿಲಲ್ಲಿ ನಿಂತರು. ಮೇಜಿನ ಮೇಲಿನ ಕಡತಗಳನ್ನು ನೋಡಿದರು, ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು.

"ಇಷ್ಟು ಚೆನ್ನಾಗಿ ಬರೆಯೋಕೆ ಬರುತ್ತಲ್ಲಪ್ಪ ನಿನಗೆ," ಎಂದರು. "ನಾಲ್ಕು ಸಾಲು ಓದೋಕೆ ಏನಾಗಿತ್ತು?"